ಕರೀ ಕೈಯ ಬೆಲ್ಲ

ಅರವತ್ತರ ದಶಕದ ಮೊದಲ ವರ್ಷಗಳು. ಸಿಂದಗಿಯ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವರಲ್ಲಿ ನಾನೇ ಹಿರಿಯ. ತಂಗಿಯ ಗಂಡ ಕನ್ನೊಳ್ಳಿಯಿಂದ ಬಂದಾಗ ಕೆಲಸಕ್ಕೆ ಹಚ್ಚಿದ್ದೂ ನಾನೇ, ಕಲಿಸಿದ್ದೂ ನಾನೇ.

ಸೀಸದ ಮೊಳೆ ಮೈಗೆ ಕೆಟ್ಟದ್ದೆಂದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಅದಕ್ಕೇ ಸಂಜೆ ಕೆಲಸ ಮುಗಿದೊಡನೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ. ಬೆಲ್ಲ ಹೊಟ್ಟೆಯೊಳಗಿನ ಸೀಸವನ್ನು ಎಳೆದು ಹೊರಗೆ ಹಾಕುತ್ತದೆ, ಆದರೆ ಕೈ ತೊಳೆಯುವ ಮೊದಲೇ ತಿನ್ನಬೇಕು, ತೊಳೆದರೆ ಗುಣ ಹೋಯಿತು ಎಂದು ನನಗೆ ಕಲಿಸಿದವರು ಹೇಳಿದ್ದರು. ನಾನೂ ಹಾಗೇ ತಿಂದವನು. ನನಗೇನೂ ಆಗಿಲ್ಲವಲ್ಲ ಎಂಬ ಸೊಕ್ಕು ಬೇರೆ.

ತಂಗಿಯ ಗಂಡನಿಗೆ ಕರೀ ಕೈಯಿಂದ ತಿನ್ನಲು ಹೇಸಿಗೆ. ಕೈ ತೊಳೆಯಲು ಎದ್ದರೆ ನಾನು ಗದರುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಮೊದ್ಲ ತಿನ್ರಿ! ಕರೀ ಕೈಲೆ ತಿಂದ್ರs ಔಷಧ!"

ಎರಡನೆಯ ವರ್ಷ ಆತನಿಗೆ ಹೊಟ್ಟೆನೋವು ಶುರುವಾಯಿತು. ಹಿಂಡಿದಂಥ ನೋವು. ನಾನು ಬೆಲ್ಲ ಎರಡು ಪಟ್ಟು ಮಾಡಿದೆ. ಒಂದು ದಿನ ಮೊಳೆ ಎತ್ತಲು ಹೋದ ಬಲಗೈ ಮಣಿಕಟ್ಟಿನಲ್ಲಿ ಜೋತುಬಿತ್ತು. ಎಡಗೈಯಿಂದ ಎತ್ತಿ ಹಿಡಿದ. ಬಿಟ್ಟ ಕೂಡಲೇ ಮತ್ತೆ ಬಿತ್ತು.

"ಕೈ ಮಾತ ಕೇಳವಲ್ತರಿ," ಎಂದ.

ತಂಗಿ ಏಳು ತಿಂಗಳ ಬಸುರಿ. ಅವರ ಮನೆಯಲ್ಲಿ ದುಡಿಮೆ ಆತನದೊಂದೇ.

ಮರುದಿನವೇ ಮೂವರೂ ಬಿಜಾಪುರಕ್ಕೆ ಹೋದೆವು. ಡಾಕ್ಟರು ಆತನ ತುಟಿ ಎತ್ತಿ ನೋಡಿದರು. ಒಸಡಿನ ಅಂಚಿಗೆ ನೀಲಿ ಗೆರೆ.

"ಸೀಸ ಹೊಟ್ಟಿಗೆ ಹೋಗೇದ. ಕೈ ತೊಳೀದs ಏನರೆ ತಿಂತೀರೇನು?"

"ಬೆಲ್ಲ ತಿಂತೇನ್ರಿ, ಔಷಧ ಅಂತ."

"ಎಂಥಾ ಔಷಧರೀ! ಆ ಬೆಲ್ಲಕ್ಕ ಮೆತ್ತಿಕೊಂಡs ಸೀಸ ಒಳಗ ಹೋಗೇದ. ಯಾವ ಮೂರ್ಖ ಹೇಳ್ದಾ ನಿಮಗ?"

ತಂಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಆತ ನನ್ನ ಕಡೆ ನೋಡಲಿಲ್ಲ.

"ಯಾರೂ ಹೇಳಿಲ್ಲರಿ. ನಾನs ತಿಂದೆ."

ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಂಡವನು ಆತ. ಛಾಪಖಾನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ನಾನು ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ತಂಗಿಗೆ ಹೆದರಿದೆ. ಈಗ ಹೇಳುತ್ತೇನೆ, ಹೊರಗೆ ಹೋಗಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ದವಾಖಾನೆಯ ಮೆಟ್ಟಿಲು ಇಳಿದೆ.

ಬಸ್ ನಿಲ್ದಾಣದ ದಾರಿಯಲ್ಲಿ ಗಂಡನ ಜೋತ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದ ತಂಗಿ ಒಮ್ಮೆಲೇ ಸಿಡಿದಳು.

"ಬಾಜೂಕ ನಮ್ಮಣ್ಣ ಇದ್ನಲ್ಲರೀ! ತಿನ್ನೂಕಿಂತ ಮೊದ್ಲ ಅವನ್ನ ಒಂದು ಮಾತು ಕೇಳಾಕ ನಿಮಗ ಏನಾಗಿತ್ತು?"