ಹಿಡಿಕೆ ಕೊಟ್ಟು ಒಳಗಿಳಿದವರು

ದಸ್ತಗೀರ ಸಾಹೇಬರು ಯಾವ ಕಬ್ಬಿಣವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ಬಾಗಿಲ ಚಿಲಕಕ್ಕೂ ಬೆರಳಿನ ಹಿಂಬದಿ ತಾಗಿಸಿ ನೋಡಿಯೇ ಹಿಡಿಯುತ್ತಿದ್ದರು. "ಅಂಗೈ ತಾಗಿದ್ರ ಕರೆಂಟು ಬಿಡಂಗಿಲ್ರಿ. ಹಿಂದ ತಾಗಿದ್ರ ದೂಡತೈತಿ" ಎನ್ನುತ್ತಿದ್ದರು.

ಮೂಡಲಗಿಯ ಹತ್ತಿ ಬಿಡಿಸುವ ಜಿನ್ನಿಗೂ ಪೇಟೆಯ ದೀಪಗಳಿಗೂ ಕರೆಂಟು ಕೊಡುತ್ತಿದ್ದ ಉಗಿಯಂತ್ರಕ್ಕೆ ಅವರು ಇಂಜಿನಿಯರು. ಪುಣೆಯಲ್ಲಿ ಕಲಿತವರು. ಅದರ ಚಿಮಣಿಯ ಮಸಿ ನೇರ ನಮ್ಮ ಓಣಿಗೆ ಬೀಳುತ್ತಿತ್ತು. ನಮ್ಮ ಅತ್ತೆಗೆ ಉಬ್ಬಸ; ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದರು. ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದ ನಾನು ಒಂದು ದಿನ ತಾಳಲಾರದೆ ಜಿನ್ನಿಗೇ ಹೋಗಿ, ಆಳುಗಳ ಎದುರಿನಲ್ಲಿ ಅವರನ್ನು ಬೈದು ಬಂದೆ. ಅವರು ಅದೇ ಸಂಜೆ ಮನೆಗೆ ಬಂದು ಅತ್ತೆಯ ಹತ್ತಿರ ಕೂತು, ಅವರ ಉಸಿರಿನ ಸಪ್ಪಳ ಕೇಳಿಸಿಕೊಂಡು, ಚಹಾ ಕೂಡ ಮುಟ್ಟದೆ ಹೋದರು.

ಆಮೇಲೆ ಅವರು ಚಿಮಣಿಯ ಬುಡದ ಇಟ್ಟಿಗೆ ಕೋಣೆಯಲ್ಲಿ ತಗಡಿನ ಕೊಳವೆಗಳನ್ನು ನಿಲ್ಲಿಸಿ, ಪ್ರತಿಯೊಂದರ ನಡುವೆ ತೆಳು ತಂತಿ ಇಳಿಬಿಟ್ಟರು. ತಂತಿಗೆ ಭಾರಿ ಕರೆಂಟು ಹರಿಸಿದರೆ ಸುತ್ತ ನೀಲಿ ಬೆಳಕು ಏಳುತ್ತದೆ, ಹೊಗೆಯೊಳಗಿನ ಮಸಿ ಹಾರಿ ತಗಡಿಗೆ ಅಂಟುತ್ತದೆ ಎಂದು ಅತ್ತೆಗೆ ಬಿಡಿಸಿ ಹೇಳಿದ್ದರು.

ಗೋಕಾಕದಿಂದ ಅಧಿಕಾರಿಯೊಬ್ಬರು ನೋಡಲು ಬಂದ ದಿನ ಓಣಿಯವರ ಪರವಾಗಿ ನಾನೂ ಹೋಗಿದ್ದೆ. ಹೊಗೆ ನಿಲ್ಲದಿದ್ದರೆ ಅದನ್ನೆಲ್ಲ ಬಿಚ್ಚಿ ಒಗೆಯುವುದಾಗಿ ಜಿನ್ನಿನ ಮಾಲಕರು ಮೊದಲೇ ಹೇಳಿದ್ದರು. ಅಷ್ಟರಲ್ಲಿ ಒಂದು ತಂತಿ ಜೋತುಬಿತ್ತು. ಸಾಹೇಬರು ಕರೆಂಟು ತೆಗೆದು, ಹೊಗೆಯನ್ನು ಬೇರೆ ದಾರಿಗೆ ತಿರುಗಿಸಿ, ಸ್ವಿಚ್ಚಿನ ಹಿಡಿಕೆಯನ್ನೇ ಕಳಚಿ ನನ್ನ ಕೈಗಿಟ್ಟರು.

"ಅಕ್ಕಾರ, ನಾ ಹೊರಗ ಬಂದು ಕೇಳೂತನಕ ಇದನ್ನ ಯಾರಿಗೂ ಕೊಡಬ್ಯಾಡ್ರಿ."

ಅವರು ಕೋಣೆಯೊಳಗೆ ನುಸುಳಿದರು. ಹೊತ್ತಾಯಿತು. ಅಧಿಕಾರಿ ಕೊಡೆ ಎತ್ತಿಕೊಂಡು ಹೊರಟುನಿಂತರು. ಮಾಲಕರು ನನ್ನೆದುರು ಬಂದು ಕೈಚಾಚಿದರು. ನಮ್ಮ ಸಾಲಿಯ ಕಮಿಟಿಗೂ ಅವರೇ ಹಿರಿಯರು.

"ಹಿಡಿಕಿ ಕೊಡ್ರಿ, ಕರೆಂಟು ಹಚ್ಚೂಣು. ಅವರು ಆಗಲೇ ಹಿಂದಿನ ಬಾಗಲದಿಂದ ಬಂದಾರ."

ನಾನು ಸಾಹೇಬರನ್ನು ಕೂಗಿದೆ. ಯಂತ್ರದ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಬಂದಿರಲೂಬಹುದು ಎನ್ನಿಸಿತು. ಮಾಲಕರ ಮುಖ ಕೆಂಪೇರಿತ್ತು. ನನ್ನ ನೌಕರಿ ಅಲ್ಲಿಗೆ ಮುಗಿಯಿತೆಂದುಕೊಂಡು ಹಿಡಿಕೆಯನ್ನು ಸೆರಗಿನಲ್ಲಿ ಸುತ್ತಿದೆ.

"ಅವರ ಬಾಯಲೇ ಕೇಳಿದ ಮ್ಯಾಲ ಕೊಡತೇನ್ರಿ."

ಮಾಲಕರು ಇನ್ನೊಂದು ಹೆಜ್ಜೆ ಮುಂದೆ ಬಂದರು. ಆಗ ಇಟ್ಟಿಗೆ ಕೋಣೆಯಿಂದಲೇ ಎರಡು ಕರಿ ಕೈಗಳು ಹೊರಬಂದವು; ಹಿಂದೆಯೇ ಸಾಹೇಬರ ತಲೆ. ಅಂಗಿಯ ತೋಳು ತಂತಿಗೆ ಸಿಕ್ಕಿ ಹರಿದಿತ್ತು. ಅವರು ನನ್ನ ಸೆರಗನ್ನೂ ಮಾಲಕರ ಚಾಚಿದ ಕೈಯನ್ನೂ ನೋಡಿದರು. "ಈಗ ಕೊಡ್ರಿ, ಅಕ್ಕಾರ" ಎಂದರು. ಹೊಗೆಯನ್ನು ಮತ್ತೆ ಕೋಣೆಗೆ ತಿರುಗಿಸಿ, ಹಿಡಿಕೆ ಸಿಕ್ಕಿಸಿ ಕರೆಂಟು ಬಿಟ್ಟರು. ಚಟಪಟ ಸದ್ದೆದ್ದಿತು. ಚಿಮಣಿಯ ಹೊಗೆ ತೆಳುವಾಗುತ್ತ ಹೋಗಿ, ತುದಿಯಲ್ಲಿ ಬಿಸಿಗಾಳಿಯ ನಡುಕವಷ್ಟೇ ಉಳಿಯಿತು. ನಡೆಯಲಿ ಎಂದು ಹೇಳಿ ಅಧಿಕಾರಿ ಹೊರಟುಹೋದರು.

ಸಂಜೆ ಸಾಹೇಬರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿದರು. "ನೀವು ಬೈದು ಹೋದ ದಿನಾನ ಗೊತ್ತಾಗಿತ್ರಿ, ನೀವು ಯಾರಿಗೂ ಅಂಜಾವರಲ್ಲಂತ" ಎಂದರು. ಅಂಜಿದ್ದೆ ಎಂದು ನಾನು ಹೇಳಲಿಲ್ಲ.

ಆ ಬೇಸಿಗೆ ಮುಗಿಯುವಷ್ಟರಲ್ಲಿ ತಂತಿಗಳಿಗೆ ಕರೆಂಟು ಕೊಡುತ್ತಿದ್ದ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಯುದ್ಧದ ಕಾಲ, ಹೊಸದು ಎಲ್ಲಿಯೂ ಸಿಗಲಿಲ್ಲ. ಮಾಲಕರು ಕೊಳವೆ ಬಿಚ್ಚಿಸಿದರು. ಸಾಹೇಬರು ಕೆಲಸ ಬಿಟ್ಟರು.

ಕೊನೆಗೆ ಅವರನ್ನು ಕಂಡದ್ದು ಹತ್ತರಗಿಯಲ್ಲಿ, ಬಸ್ಸು ಕಾಯುವಾಗ. ಅತ್ತೆ ಹೇಗಿದ್ದಾರೆಂದು ಕೇಳಿದರು. ತೀರಿಕೊಂಡದ್ದನ್ನು ಹೇಳಿ, ಆ ಬೇಸಿಗೆಯನ್ನು ಅವರು ಕಡೆತನಕ ನೆನೆಯುತ್ತಿದ್ದರು ಎಂದೆ.

"ಏನಂತಿದ್ರು?"

"ಗ್ವಾಡಿಗೆ ಆತು ಕುಂದರದ, ಅಡ್ಡ ಆಗಿ ನಿದ್ದಿ ಮಾಡಿದ್ನೆವ್ವಾ, ಅಂತಿದ್ರು."

ಸಾಹೇಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬಸ್ಸು ಬಂದಾಗ ಕೈಮುಗಿದು ಹತ್ತಿದರು. ಮುಂದೆ ಅವರು ಯಾವ ಊರಿಗೆ ಹೋದರೋ ತಿಳಿಯಲಿಲ್ಲ.