ಮಹ್ಜೂಬಾಳ ಗಾರೆಗೋಡೆ

ಮರಾಕೆಶ್‌ನ ಬಾಬ್ ದುಕ್ಕಾಲಾ ಕಡೆಯ ಹಮ್ಮಾಮೆಂಬ ಊರ ಸ್ನಾನದ ಮನೆಯಲ್ಲಿ ಮಹ್ಜೂಬಾ ಮೂವತ್ತೊಂದು ವರ್ಷ ಹೆಂಗಸರ ಮೈ ಉಜ್ಜಿದಳು. ನಲವತ್ತನೇ ದಿನದ ನೀರಿಗೆ ಬಂದ ಬಾಣಂತಿಯರು, ಗೆಳತಿಯರ ಹಿಂಡು ಕಟ್ಟಿಕೊಂಡು ಬಂದ ಮದುವಣಗಿತ್ತಿಯರು, ಎದ್ದು ನಿಲ್ಲಲಾರದ ಮುದುಕಿಯರು, ಎಲ್ಲರೂ ಅವಳ ಕೈಗೇ ಕಾದು ಕೂರುತ್ತಿದ್ದರು. ಬೆನ್ನು ಸೋತಾಗ ಅವಳು ಎದ್ದು ಒಳಕೋಣೆಯ ಗೋಡೆಗೆ ಒರಗುತ್ತಿದ್ದಳು. ಸುಣ್ಣದ ಗಾರೆ ಮೆತ್ತಿ, ಹೊಳೆಗಲ್ಲಿನಿಂದ ತಿಕ್ಕಿ, ಕಪ್ಪು ಸಾಬೂನು ಕುಡಿಸಿದ ಗೋಡೆ ಅದು. ಆ ಊರಿನವರು ತದ್ಲಾಕ್ತ್ ಎನ್ನುತ್ತಾರೆ. ಎಷ್ಟು ನೀರು ಬಿದ್ದರೂ ಒಳಗೆ ಇಳಿಯದು, ಮುಟ್ಟಿದರೆ ಎಣ್ಣೆ ಹಚ್ಚಿದ ಮೈಯಂತೆ ನುಣುಪು.

ಐವತ್ತೆಂಟಕ್ಕೆ ಮೊಣಕಾಲು ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂರುವ ಕೆಲಸ ಬಿಡು ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಮನೆಯಲ್ಲಿದ್ದುದು ಒಂದು ನಲ್ಲಿ, ಒಂದು ಬಕೆಟ್ಟು, ಪಾಚಿ ಹಿಡಿದ ಸಿಮೆಂಟು ಗೋಡೆ. ಊರ ಹೆಂಗಸರನ್ನೆಲ್ಲ ಮೀಯಿಸಿದವಳು ತನಗೂ ಒಂದು ಒಳ್ಳೆಯ ಬಚ್ಚಲು ಬೇಕೆಂದು ಆಗ ಮನಸ್ಸು ಮಾಡಿದಳು. ನಿಂತು ಸ್ನಾನ ಮಾಡಲು ಮೇಲೊಂದು ಶವರು, ಸುತ್ತ ಮೂರು ಗೋಡೆ.

ಗೋಡೆಗೆ ಏನು ಹಾಕಿಸುವುದು ಎಂಬುದೇ ಎರಡು ವಾರದ ಮಾತಾಯಿತು. ಸಫಿ ಊರಲ್ಲಿದ್ದ ಮಗಳು ಇಕ್ರಾಮ್ ಏಳು ತಿಂಗಳ ಬಸುರಿ. ದಿನವೂ ಫೋನಿನಲ್ಲಿ ಅದೇ ರಾಗ.

"ಟೈಲ್ಸ್ ಹಾಕ್ಸಮ್ಮ. ಒರೆಸಿದ್ರೆ ಆಯ್ತು."

"ಟೈಲ್ಸ್ ಸಂದೀಲಿ ಕಪ್ಪು ಕಟ್ಟುತ್ತೆ. ಆ ಸಂದಿ ಉಜ್ಜೋಕೆ ಯಾರು ಬರ್ತಾರೆ, ನಿನ್ನ ಅತ್ತೇನಾ?"

ಅಂಗಡಿಗಳಿಗೂ ಹೋದಳು. ಒಬ್ಬ ಪ್ಲಾಸ್ಟಿಕ್ ಹಲಗೆ ತೋರಿಸಿ, "ಎರಡೇ ಗಂಟೆ ಕೆಲಸ ಅಮ್ಮಾ, ಅಮೃತಶಿಲೆ ಅಂದ್ರೆ ನಂಬಬೇಕು" ಎಂದ. ಅವಳು ಕಣ್ಣು ಮುಚ್ಚಿ ಅಂಗೈ ಇಟ್ಟಳು. "ಕಣ್ಣು ನಂಬುತ್ತಪ್ಪ. ಕೈ ನಂಬ್ತಿಲ್ಲ" ಎಂದು ಹೊರಟುಬಂದಳು. ಬಣ್ಣದ ಸಣ್ಣ ಹೆಂಚಿನ ಚೂರುಗಳು ಚೆಂದವೇ, ಆದರೆ ಅಂಚು ಚೂಪು. ಜಾರಿ ಬಿದ್ದು ಮೊಣಕೈ ತಾಗಿದರೆ ಗಾಯ.

ಕೊನೆಗೆ ಮನಸ್ಸು ಗಾರೆಗೇ ಬಂದು ನಿಂತಿತು. ಅದಕ್ಕೊಂದು ಕಾರಣ ಅವಳ ತಮ್ಮ ಬೂಜಮಾ. ತಾಯಿ ಸತ್ತಾಗ ಅವನಿಗೆ ಆರು ವರ್ಷ, ಇವಳಿಗೆ ಹದಿನೆಂಟು. ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಶಾಲೆ ತಲೆಗೆ ಹತ್ತದಿದ್ದಾಗ ಗಾರೆ ಕೆಲಸದ ಹಿರಿಯ ಸಿ ಅಲ್ಲಾಲರ ಹೆಂಡತಿಯ ಮೈ ಉಜ್ಜುತ್ತ ಉಜ್ಜುತ್ತಲೇ ಬೇಡಿಕೊಂಡು ಅವರ ಕೈಕೆಳಗೆ ಸೇರಿಸಿದ್ದಳು. ಈಗ ಅವನೇ ಊರೆಲ್ಲ ಹೆಸರು ಮಾಡಿದ ಮಾಲೆಮ್, ಗಾರೆಯ ಮೇಸ್ತ್ರಿ. ಹಳೇ ಮನೆ ಕೊಂಡು ಹೋಟೆಲು ಮಾಡುವ ಪರದೇಶಿಯರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

"ಬೇರೆ ಯಾರ ಕೈಯೂ ನಿನ್ನ ಗೋಡೆ ಮುಟ್ಟಲ್ಲ ಅಕ್ಕಾ" ಎಂದ ಅವನು, ಅವಳು ಬಡಿಸಿದ ಕೂಸ್‌ಕೂಸ್ ತಿನ್ನುತ್ತ. "ಸುಣ್ಣ ನೆನೆಹಾಕಿಡು. ಮಿಕ್ಕಿದ್ದು ನಂಗೆ ಬಿಡು."

ಅವಳು ಊರಾಚೆಯ ಸುಣ್ಣದ ಗೂಡಿಗೆ ತಾನೇ ಹೋಗಿ ನಾಲ್ಕು ಮೂಟೆ ಆರಿಸಿ ತಂದಳು. ತಾರಸಿಯ ಮೇಲೆ, ಸೀಳಿಗೆ ತಂತಿ ಹೊಲಿದ ಹಳೇ ನೀಲಿ ಟಬ್ಬಿನಲ್ಲಿ ನೆನೆಹಾಕಿದಳು. ಮೂರು ವಾರ ಬೆಳಿಗ್ಗೆ ಸಂಜೆ ಕೋಲಾಡಿಸಿ, ಹೆಪ್ಪಾದ ಮೊಸರಿನಂತೆ ಆದಮೇಲೆ ಮನೆಯ ಕೀಲಿ ತಮ್ಮನಿಗೆ ಕೊಟ್ಟು ಮಗಳ ಹೆರಿಗೆಗೆಂದು ಸಫಿಗೆ ಹೋದಳು.

ಹೆಣ್ಣು ಮಗು ಹುಟ್ಟಿತು. ಇಪ್ಪತ್ತೆರಡು ದಿನ ಕಳೆದು ಬಂದಾಗ ಬೂಜಮಾ ತಾನೇ ಬಾಗಿಲು ತೆಗೆದು, ಪಕ್ಕದ ಮನೆಯವರನ್ನೂ ಕರೆದು ನಿಲ್ಲಿಸಿದ್ದ. ಬಚ್ಚಲು ದಾಳಿಂಬೆ ಬಣ್ಣದಲ್ಲಿ ಮಿರುಗುತ್ತಿತ್ತು. ಪಕ್ಕದ ಮನೆಯಾಕೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, "ಅರಮನೇಲೂ ಹಿಂಗಿರಲ್ಲ ಕಣೇ" ಎಂದಳು.

"ಮೊನ್ನೆ ತಾನೆ ಮುಗೀತು. ಇವತ್ತೇ ಸ್ನಾನ ಮಾಡು ಅಕ್ಕಾ" ಎಂದ ತಮ್ಮ.

ಮಹ್ಜೂಬಾ ತಮ್ಮನ ಮುಖ ನೋಡಿದಳು. ಹೊಸ ಗಾರೆಗೆ ಒಂದು ತಿಂಗಳು ನೀರು ತಾಗಿಸುವಂತಿಲ್ಲ. ಹಮ್ಮಾಮಿನ ಗೋಡೆ ರಿಪೇರಿಯಾದಾಗಲೆಲ್ಲ ಒಳಕೋಣೆಗೆ ಬೀಗ ಬೀಳುತ್ತಿದ್ದುದನ್ನು ಅವಳು ಕಂಡಿದ್ದಳು. ಅಂಗೈ ಇಟ್ಟಳು. ತಣ್ಣಗಿರಬೇಕಾದುದು ತಣ್ಣಗಿರಲಿಲ್ಲ. ನುಣುಪಿತ್ತು, ಆದರೆ ಮೇಲುಮೇಲಿನ ನುಣುಪು. ಉಗುರಿನ ತುದಿಗೆ ತೆಳ್ಳನೆಯ ಪೊರೆಯೊಂದು ಸಿಕ್ಕಿತು. ಬಣ್ಣ ಕಲಸಿದ ಸಿಮೆಂಟು, ಅದರ ಮೇಲೆ ವಾರ್ನಿಷು.

ನೆರೆಯವರ ಮುಂದೆ ಏನೂ ಆಡಲಿಲ್ಲ. ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ಅವರು ಹೋದ ಮೇಲೆ ತಾರಸಿಗೆ ಹತ್ತಿ ನೋಡಿದರೆ ಟಬ್ಬೂ ಇಲ್ಲ, ಸುಣ್ಣವೂ ಇಲ್ಲ.

ಮರುದಿನ ಮಧ್ಯಾಹ್ನ ತಮ್ಮ ಕೆಲಸ ಮಾಡುತ್ತಿದ್ದ ಮನೆಯನ್ನು ವಿಚಾರಿಸಿಕೊಂಡು ಹೋದಳು. ಯಾರೋ ಪರದೇಶಿ ದಂಪತಿಗಳು ಹೋಟೆಲು ಮಾಡುತ್ತಿದ್ದ ದೊಡ್ಡ ಮನೆ. ಅಂಗಳದಲ್ಲಿ ತಂತಿ ಹೊಲಿಗೆಯ ನೀಲಿ ಟಬ್ಬು, ತಳದಲ್ಲಿ ಒಂದಿಷ್ಟು ಬಿಳಿ ಸುಣ್ಣ. ಒಳಗೆ ಬೂಜಮಾ ಮಂಡಿಯೂರಿ, ಅಂಗೈಯಗಲದ ಕಲ್ಲು ಹಿಡಿದು ಗೋಡೆ ತಿಕ್ಕುತ್ತಿದ್ದ. ಮೈಯೆಲ್ಲ ಬೆವರು. ಅವನು ಎಷ್ಟು ಚೆನ್ನಾಗಿ ಕೆಲಸ ಮಾಡಬಲ್ಲ ಎಂಬುದನ್ನು ಅವಳು ನಿಂತು ನೋಡಿದಳು. ಅದೇ ಹೆಚ್ಚು ಉರಿಯಿತು.

"ಅಕ್ಕಾ? ಇಲ್ಲಿಗ್ಯಾಕೆ ಬಂದೆ?"

"ನನ್ನ ಟಬ್ಬು ನೋಡ್ಕೊಂಡು ಹೋಗಣ ಅಂತ."

ಅವನು ಕಲ್ಲು ಕೆಳಗಿಟ್ಟ. "ಇವರಿಗೆ ಅವಸರ ಇತ್ತು. ಅಷ್ಟು ಚೆನ್ನಾಗಿ ನೆನೆದ ಸುಣ್ಣ ಎಲ್ಲೂ ಸಿಗಲಿಲ್ಲ. ಹೋಗ್ಲಿ ಬಿಡು, ನಿನ್ನ ಗೋಡೆ ಯಾರು ನೋಡ್ತಾರೆ? ಬಾಗ್ಲು ಹಾಕ್ಕೊಂಡು ಮೀಯೋ ಜಾಗ. ಇಲ್ಲಿಯಾದ್ರೆ ಫೋಟೋ ತೆಗೀತಾರೆ."

"ನಾನು ನೋಡ್ತೀನಲ್ಲೋ."

ಅವನು ಗೋಡೆಯ ಕಡೆ ತಿರುಗಿದ.

"ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ ಬೂಜಮಾ? ಮೂವತ್ತೊಂದು ವರ್ಷ ಆ ಗೋಡೆಗೆ ಒರಗಿದ್ದೀನಿ."

"ಗೊತ್ತಾಗುತ್ತೆ ಅಂತ ಗೊತ್ತಿತ್ತು" ಎಂದ ಅವನು, ಕೈ ಒರೆಸಿಕೊಳ್ಳುತ್ತ. "ಗೊತ್ತಾದ್ರೂ ನೀನು ಏನೂ ಅನ್ನಲ್ಲ ಅಂದ್ಕೊಂಡೆ. ಯಾವತ್ತು ಅಂದಿದ್ದೀಯ?"

ದಾರಿಯುದ್ದಕ್ಕೂ ಆ ಮಾತು ಅವಳ ಬೆನ್ನು ಬಿಡಲಿಲ್ಲ. ಸುಣ್ಣ ಹೋದದ್ದಕ್ಕೆ ಅಳು ಬರಲಿಲ್ಲ. ತನ್ನ ಅಕ್ಕರೆಯನ್ನೇ ಅವನು ಅಳೆದು, ಇಷ್ಟು ಮೋಸವನ್ನು ಇದು ತಾಳುತ್ತದೆ ಎಂದು ಲೆಕ್ಕ ಹಾಕಿದ್ದನಲ್ಲ, ಅದಕ್ಕೆ ಬಂತು.

ನಾಲ್ಕು ತಿಂಗಳಲ್ಲಿ ವಾರ್ನಿಷು ಗುಳ್ಳೆಗಟ್ಟಿ, ಬಿಸಿಲು ತಾಗಿದ ಚರ್ಮದಂತೆ ಸುಲಿಯತೊಡಗಿತು. ಒಂದು ದಿನ ಅವಳು ಸುತ್ತಿಗೆ ತೆಗೆದುಕೊಂಡು ತಾನೇ ಗೋಡೆಯ ಸಿಮೆಂಟು ಉದುರಿಸಿದಳು. ಮತ್ತೆ ಸುಣ್ಣ ತಂದು ನೆನೆಹಾಕಿದಳು. ಸಿ ಅಲ್ಲಾಲರು ಇನ್ನೂ ಬದುಕಿದ್ದರು, ಆದರೆ ಕೈ ನಡುಗಿ ಚಹಾ ಲೋಟವನ್ನೂ ಹಿಡಿಯಲಾರರು. ಅವರನ್ನು ಕರೆತಂದು ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಕೂಲಿಯವನೊಬ್ಬ ಗಾರೆ ಮೆತ್ತಿ ಹೋದ. ಕಲ್ಲು ಹಿಡಿದವಳು ಮಹ್ಜೂಬಾ.

"ಒತ್ತಬೇಡಮ್ಮ, ಅದೇನು ಹೆಂಗಸಿನ ಬೆನ್ನಾ?" ಎಂದು ಮುದುಕ ಗದರಿದ. ಸ್ವಲ್ಪ ಹೊತ್ತು ನೋಡಿ, "ಊಂ, ಬೆನ್ನು ಅಂತಲೇ ತಿಳ್ಕೊ. ಬಾಣಂತಿ ಬೆನ್ನು" ಎಂದ.

ಸ್ಟೂಲಿನ ಮೇಲೆ ಕೂತು, ನಿಂತು, ಮತ್ತೆ ಕೂತು, ಐದು ದಿನ ತಿಕ್ಕಿದಳು. ಮೂಲೆಯೊಂದರಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿತು. ಉಳಿದದ್ದಕ್ಕೆ ಮುದುಕ ತಲೆದೂಗಿದ. ತಿಂಗಳು ಕಾದು ಸ್ನಾನ ಮಾಡಿದಳು.

ಹಬ್ಬಕ್ಕೆ ಬೂಜಮಾ ಬಂದ, ಕುರಿಯ ತೊಡೆ ಹಿಡಿದುಕೊಂಡು. ಕೈ ತೊಳೆಯಲು ಹೋದವನು ಬಚ್ಚಲಿನಿಂದ ಬಹಳ ಹೊತ್ತು ಹೊರಬರಲಿಲ್ಲ.

"ಯಾರ ಕೈದು ಇದು?"

"ನಂದು."

ಅವನು ನಕ್ಕ. "ಅಬ್ಬಾ, ಅಕ್ಕಾ. ನನ್ನ ಜೊತೆ ಬಂದ್ಬಿಡು. ಹೆಂಗಸು ಗೋಡೆ ತಿಕ್ಕೋದು ಕಂಡ್ರೆ ಆ ಪರದೇಶಿಯರು ಮುಗಿಬೀಳ್ತಾರೆ."

ಅವನು ಕ್ಷಮೆ ಕೇಳಬಹುದೆಂದು ಅವಳು ಆ ಹೊತ್ತಿನವರೆಗೂ ಕಾದಿದ್ದಳು. ಎದ್ದು, ಅವನು ಅರ್ಧ ಕುಡಿದಿದ್ದ ಚಹಾದ ಲೋಟವನ್ನು ತಟ್ಟೆಗಿಟ್ಟು ಒಳಗೆ ತೆಗೆದುಕೊಂಡು ಹೋದಳು. ಆಮೇಲೆ ಅವನು ಬಾಗಿಲು ಎಳೆದುಕೊಂಡು ಹೋದ ಸದ್ದಾಯಿತು.

ಈಗಲೂ ನೆರೆಯವರು ಬಂದು, ಇದೂ ತಮ್ಮನ ಕೈಕೆಲಸವೇ ಎಂದುಕೊಂಡು ಗೋಡೆ ಸವರಿ, "ತಮ್ಮ ಅಂದ್ರೆ ಹಿಂಗಿರಬೇಕು" ಎನ್ನುತ್ತಾರೆ. ಮಹ್ಜೂಬಾ ಹೌದೆಂದೂ ಇಲ್ಲವೆಂದೂ ಹೇಳುವುದಿಲ್ಲ. ಅವನ ಮಾನ ಕಾಯುವ ಚಾಳಿ ಇನ್ನೂ ಹೋಗಿಲ್ಲವಲ್ಲ ಎಂದು ತನ್ನ ಮೇಲೆ ತಾನೇ ಸಿಡುಕುತ್ತ, ಅವರಿಗೆ ಚಹಾ ಬಗ್ಗಿಸುತ್ತಾಳೆ.