ಆಷಾಢದಲ್ಲಿ ತಂದ ಗ್ರಾಫಿಕ್ಸ್ ಕಾರ್ಡು

ನಮ್ಮ ಮನೆಯಲ್ಲಿ ಕಂಪ್ಯೂಟರ್ ಶುರು ಮಾಡಬೇಕಾದರೆ ಮೊದಲು ಫ್ರಿಜ್ಜಿನ ಸ್ವಿಚ್ಚು ಆರಿಸಬೇಕು. ಈ ಕಾನೂನು ಮಾಡಿದವನು ನಾನೇ. ಎರಡೂ ಒಟ್ಟಿಗೆ ಓಡಿದರೆ ವೈರು ಬಿಸಿಯಾಗುತ್ತದೆ ಅನ್ನುವುದು ನನ್ನ ಸ್ವಂತ ಸಂಶೋಧನೆ. ಇದುವರೆಗೂ ಯಾವ ಎಲೆಕ್ಟ್ರಿಷಿಯನ್ನೂ ಒಪ್ಪಿಲ್ಲ. ಗ್ಯಾಸು ಆಫ್ ಮಾಡಿದೆನೋ ಇಲ್ಲವೋ ಅಂತ ನೋಡಲು ಬಸ್ ಸ್ಟಾಪಿನಿಂದ ವಾಪಸ್ ಬರುವ ಮನುಷ್ಯ ನಾನು.

ಆ ಕಂಪ್ಯೂಟರ್ ತಾನೇ ಎಷ್ಟರದು? ಮಗಳು ಸಿವಿಲ್ ಡಿಪ್ಲೊಮಾ ಓದುವಾಗ, ಯಾವುದೋ ಆಫೀಸಿನವರು ಬಳಸಿ ಬಿಟ್ಟಿದ್ದನ್ನು ಅಗ್ಗಕ್ಕೆ ತಂದದ್ದು. ತೆಳ್ಳನೆಯ ಪೆಟ್ಟಿಗೆ. ಶ್ರೀರಂಗಪಟ್ಟಣದ ಪಕ್ಕದ ಕಿರಂಗೂರಿನ ನಮ್ಮ ಮನೆಯ ಹಾಲ್‌ನಲ್ಲಿ ಹೊಲಿಗೆ ಮೆಷಿನ್ನಿನ ಮೇಲೆ ಕೂತಿತ್ತು.

ಹೋದ ವೈಶಾಖದಲ್ಲಿ ಮಗಳ ಮದುವೆಯಾಯಿತು. ಕೆ.ಆರ್. ಪೇಟೆ ಕಡೆ, ಮಾಕವಳ್ಳಿಯ ಮನೆ. ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದಲ್ಲ, ಪದ್ಧತಿಯಂತೆ ತಿಂಗಳ ಮಟ್ಟಿಗೆ ತವರಿಗೆ ಬಂದಳು. ಬರುವಾಗ ಒಂದು ಆಸೆಯನ್ನೂ ಹೊತ್ತು ತಂದಿದ್ದಳು. ಅಡುಗೆಮನೆಗೆ ಕಪಾಟು ಮಾಡಿಕೊಡುವ ಮೈಸೂರಿನ ಅಂಗಡಿಯೊಂದರವರು, ಒಂದು ಅಡುಗೆಮನೆಯನ್ನು ಕಂಪ್ಯೂಟರ್‌ನಲ್ಲಿ ನೆರಳು ಬೆಳಕು ಸಮೇತ ನಿಜದ ಥರ ಮಾಡಿ ಕಳಿಸು, ಚೆನ್ನಾಗಿದ್ದರೆ ಮನೆಯಿಂದಲೇ ಮಾಡುವ ಕೆಲಸ ಕೊಡುತ್ತೇವೆ ಅಂದಿದ್ದರಂತೆ. ಕೆಲಸ ಸಿಕ್ಕರೆ ಮಾಕವಳ್ಳಿಯಲ್ಲೂ ಕಂಪ್ಯೂಟರ್ ಇಡಲು ಅಳಿಯ ಒಪ್ಪಿದ್ದ. ಸಿಗದಿದ್ದರೆ ಏನವ್ವ ಅಂದದ್ದಕ್ಕೆ ಅವಳು ನಕ್ಕು, ‘ಹಸ ಅವೆ, ಒಲೆ ಅದೆ’ ಅಂದಳು. ಕೈಯಲ್ಲಿದ್ದದ್ದು ಆ ಒಂದು ತಿಂಗಳು.

ನೆರಳು ಬೆಳಕು ಹಾಕು ಅಂದ ತಕ್ಷಣ ನಮ್ಮ ಪೆಟ್ಟಿಗೆ ಕಬ್ಬಿನ ಲೋಡು ಎಳೆಯುವ ಟ್ರಾಕ್ಟರಿನ ಹಾಗೆ ಗುರುಗುಟ್ಟಿ ಅಲ್ಲೇ ನಿಂತುಬಿಡುತ್ತಿತ್ತು. ಚಿತ್ರದ ಕೆಲಸಕ್ಕೇ ಅಂತ ಬೇರೆ ಕಾರ್ಡು ಬರುತ್ತದೆ, ಗ್ರಾಫಿಕ್ಸ್ ಕಾರ್ಡು, ಅದೊಂದು ಹಾಕಿಸಪ್ಪ ಅಂದಳು.

ನನ್ನ ಕೆಲಸ ಪಾಂಡವಪುರದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಸಂಜೆ ಸಂಜೆ ಹೋಗಿ ಪ್ರಶ್ನೆ ಹಾಕಿದೆ. ಇಷ್ಟು ತೆಳ್ಳನೆಯ ಪೆಟ್ಟಿಗೆಯಲ್ಲಿ ಹಿಡಿಸುತ್ತಾ, ಕರೆಂಟು ಸಾಲುತ್ತಾ, ಗುಡುಗು ಬಂದರೆ ಏನು ಗತಿ. ಅಂಗಡಿಯವನು ಗಿಡ್ಡ ಕಾರ್ಡೊಂದನ್ನು ತರಿಸಿ ನನ್ನ ಕೈಗಿಟ್ಟು, ‘ಸಾರ್, ಇದ್ಕಿಂತ ನೀವೇ ಜಾಸ್ತಿ ಬಿಸಿ ಆಯ್ತೀರಿ’ ಅಂದ.

ಬಸ್ಸಿನಲ್ಲಿ ಟಿಫಿನ್ ಕ್ಯಾರಿಯರನ್ನು ಕಾಲ ಕೆಳಗಿಟ್ಟು, ಕಾರ್ಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಯ ಹೊಸ್ತಿಲ ಹತ್ತಿರ ತಲೆಗೆ ಹೊಳೆಯಿತು: ಆಷಾಢ. ಹೊಸ ವಸ್ತು. ಒಳಗೆ ಹೊಸ ಮದುಮಗಳು ಬೇರೆ. ನಂಬಿಕೆಯಾ ಅಂದರೆ ನಂಬಿಕೆಯೂ ಅಲ್ಲ, ಏನಾದರೂ ಆಗಿಬಿಟ್ಟರೆ ಅನ್ನುವ ನನ್ನ ಮಾಮೂಲಿ ರೋಗ. ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾಳೆ, ಶ್ರಾವಣ ಬರಲಿ ಅಂತ ಮಗಳಿಗೆ ಅಂದೆ. ಅಜ್ಜಿ, ಅಂದರೆ ನನ್ನ ಅವ್ವ, ಇರುವುದು ನಾಗಮಂಗಲದ ಹೊಣಕೆರೆಯಲ್ಲಿ, ನನ್ನ ತಮ್ಮನ ಜೊತೆ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಡಬ್ಬಿ ಬೀರು ಸೇರಿತು. ಮಗಳು ತವರಿನಲ್ಲಿರುವ ತಿಂಗಳೂ ಹೊಸದೇನೂ ಮಾಡಬಾರದ ತಿಂಗಳೂ ಒಂದೇ ಅನ್ನುವುದು ಹೊಳೆಯಲಿಲ್ಲ ಅಂತಲ್ಲ. ಮೈಸೂರಿನವರು ಕಾಯುತ್ತಾರೆ ಬಿಡು ಅಂದುಕೊಂಡೆ.

ಅವರು ಕಾಯಲಿಲ್ಲ. ಬೇಗ ಕಳಿಸಿ ಅಂತ ಫೋನು ಬಂದಾಗ, ನೆರಳು ಬೆಳಕು ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಕಳಿಸಿದಳು. ಕರೆಂಟು ಹೋದ ಅಡುಗೆಮನೆಯ ಥರ ಇತ್ತು. ಬೇರೆಯವರನ್ನು ತಗೊಂಡಿದ್ದೇವೆ ಅಂತ ಉತ್ತರ ಬಂತು. ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಕಂಪ್ಯೂಟರ್ ಆರಿಸಿ, ಎದ್ದು ಹೋಗಿ ಫ್ರಿಜ್ಜಿನ ಸ್ವಿಚ್ಚು ಹಾಕಿದಳು.

ಶ್ರಾವಣ ಬಂತು. ಅಳಿಯ ಕರೆದೊಯ್ಯಲು ಬಂದ ದಿನವೇ, ರಾಹುಕಾಲ ಕಳೆದ ಮೇಲೆ, ಅಂಗಡಿಯವನನ್ನು ಕರೆಸಿದೆ. ಮೊಮ್ಮಗಳನ್ನು ಕಳಿಸಿಕೊಡಲು ಅವ್ವನೂ ಹೊಣಕೆರೆಯಿಂದ ಬಂದಿದ್ದಳು. ಅಂಗಡಿಯವನು ಪೆಟ್ಟಿಗೆ ಬಿಚ್ಚಿ, ಕಾರ್ಡನ್ನು ಒಳಗಿನ ಸ್ಲಾಟಿಗೆ ಇಟ್ಟು ಒತ್ತಿದ. ಅಷ್ಟೇ. ತಿಂಗಳಿಡೀ ನಾನು ಹೆದರಿದ್ದ ಕೆಲಸ ಅವನ ಕಾಫಿ ಆರುವುದರೊಳಗೆ ಮುಗಿದಿತ್ತು. ಮಗಳು ಹೊರಡುವ ಸೀರೆಯಲ್ಲೇ ಕೂತು ಅದೇ ಅಡುಗೆಮನೆಯನ್ನು ತೆರೆದಳು. ತೆರೆಯ ಮೇಲೆ ಕಿಟಕಿಯಿಂದ ಬಿಸಿಲು ಬಂದು ಅಡುಗೆ ಕಟ್ಟೆಯ ಕಲ್ಲಿನ ಮೇಲೆ ಬಿತ್ತು. ಲೋಟದ ನೆರಳು ಗೋಡೆ ಹತ್ತಿತು.

ಇದನ್ನು ಈಗ, ಹೊರಡೋ ಹೊತ್ತಲ್ಲಿ ಯಾಕೆ ಹಾಕಿಸುತ್ತಿದ್ದೀಯ ಅಂತ ಅವ್ವ ಕೇಳಿದಳು. ಆಷಾಢ ಅಲ್ವೇನವ್ವ, ನೀನು ಬೇಜಾರು ಮಾಡಿಕೊಳ್ಳುತ್ತೀಯ ಅಂತಲೇ ಕಾದೆ ಅಂದೆ.

‘ಆಸಾಡ್ದಲ್ಲಿ ಪಂಪ್‌ಸೆಟ್ ಮೋಟ್ರು ಸುಟ್ಟೋದಾಗ, ಸ್ರಾವಣ ಬರ್ಲಿ ಅಂತ ಕೂತಿದ್ನೇನ್ಲಾ ನಿಮ್ಮಪ್ಪ? ಬೆಳಿಗ್ಗೆ ಎದ್ದೋನೇ ಓಗಿ ಬೇರೆ ತಂದು ಕೂರುಸ್ದ. ದುಡಿಯೋ ಸಾಮಾನಿಗೆ ಯಾವ ಆಸಾಡ್ಲಾ? ನನ್ನೊಂದು ಮಾತು ಕೇಳ್ಬಾರ್ದಾಗಿತ್ತಾ?’

ಮಗಳು ಅಜ್ಜಿಯ ಮುಖ ನೋಡಿದಳು. ನನ್ನ ಮುಖ ನೋಡಲಿಲ್ಲ. ‘ಬುಡಜ್ಜಿ, ಬಸ್ಸಿಗೆ ಹೊತ್ತಾಯ್ತು’ ಅಂದಳು.

ಗೌರಿ ಹಬ್ಬಕ್ಕೆ ಬಾಗಿನದ ಮೊರದ ಜೊತೆ ಆ ಪೆಟ್ಟಿಗೆಯನ್ನೂ ಬೆಡ್‌ಶೀಟಿನಲ್ಲಿ ಸುತ್ತಿ ಮಾಕವಳ್ಳಿಗೆ ಒಯ್ದೆ. ಕೆಲಸ ಸಿಗದಿದ್ದರೂ ಅಳಿಯ ಬೇಡ ಅನ್ನಲಿಲ್ಲ. ಬಸ್ಸು ಕುಲುಕಿದಾಗಲೆಲ್ಲ ಕಾರ್ಡು ಸಡಿಲವಾಯಿತು ಅಂತ ಎದೆ ಹಿಡಿದುಕೊಂಡೆ, ಏನೂ ಆಗಿರಲಿಲ್ಲ. ಮೈಸೂರಿನವರಿಗೆ ಅವಳು ಇನ್ನೊಮ್ಮೆ ಬರೆದಿದ್ದಳಂತೆ, ಸದ್ಯಕ್ಕೆ ಜಾಗ ಇಲ್ಲ ಅಂದರಂತೆ.

ಮೊನ್ನೆ ಮಾಕವಳ್ಳಿಗೆ ಹೋದಾಗ ತೆರೆಯ ಮೇಲೆ ಆ ಮನೆಯದೇ ಅಡುಗೆಮನೆ ಇತ್ತು. ಅದೇ ಒಲೆ, ಅದೇ ಮಸಿ ಹಿಡಿದ ಗೂಡು. ದೊಡ್ಡ ಕಿಟಕಿಯೊಂದು ಮಾತ್ರ ಹೊಸದು, ಅದರಿಂದ ಬೆಳಗಿನ ಬಿಸಿಲು ಸುರಿಯುತ್ತಿತ್ತು. ಅವಳ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು.

‘ಚೆಂದಾಗದೆ ಕಣವ್ವ. ಕಿಟ್ಕಿ ಎಲ್ಲಿ ಮಡಗ್ತೀಯೆ? ಆ ಗೋಡೆ ಆಚ್ಗೆ ದಾಯಾದಿಗಳ ಮನೆ.’

‘ಇದ್ರಲ್ಲಾದ್ರೂ ಇರ್ಲಿ ಬುಡಿ ಅತ್ತೆ’ ಅಂದು ಮಗಳು ಹಾಲು ಕರೆಯಲು ಎದ್ದಳು.

ನಾನು ಸುಮ್ಮನಿರಲಾರದೆ, ಬಿಸಿಯಾಗಿದೆಯಾ ಅಂತ ಪೆಟ್ಟಿಗೆಯನ್ನು ಮುಟ್ಟಿ ನೋಡಿದೆ. ತಣ್ಣಗಿತ್ತು.